ಪ್ಯಾಕೇಜ್ ಶೇ 70 ಜಾಸ್ತಿ ಇದೆ, ದೊಡ್ಡ ನಗರಕ್ಕೆ ಹೋದರೆ ಸಾಲುತ್ತಾ?

ಪ್ರಶ್ನೆ: ನನಗೆ 34 ವರ್ಷ. ಸಣ್ಣ ಪಟ್ಟಣದಲ್ಲಿ, ಅಪ್ಪ ಕಟ್ಟಿಸಿದ ಮನೆಯಲ್ಲಿ ಅಪ್ಪ, ಅಮ್ಮ, ಹೆಂಡತಿ ಮತ್ತು 7 ವರ್ಷದ ಮಗಳ ಜೊತೆ ಇದ್ದೇನೆ. ಹೆಂಡತಿ ಶಾಲೆಯೊಂದರಲ್ಲಿ ಪಾಠ ಮಾಡುತ್ತಾಳೆ, ಅವಳ ಸಂಬಳ ನನ್ನದರ ಕಾಲು ಭಾಗ. ಅಪ್ಪನಿಗೆ ಸಣ್ಣ ಪಿಂಚಣಿ ಇದೆ. ಸಾಲ ಇಲ್ಲ. ನನ್ನ ನಾಲ್ಕು ತಿಂಗಳ ಸಂಬಳದಷ್ಟು ಉಳಿತಾಯ ಇದೆ. ಈಗ ದೊಡ್ಡ ನಗರದ ಕಂಪನಿಯೊಂದು ಕೆಲಸಕ್ಕೆ ಕರೆದಿದೆ. ಪ್ಯಾಕೇಜ್ ಈಗಿನದಕ್ಕಿಂತ ಶೇ 70 ಜಾಸ್ತಿ, ಕೈಗೆ ಬರುವುದು ಒಂದೂವರೆ ಪಟ್ಟು. ನೆಂಟರು ‘ಎರಡು ಪಟ್ಟು ಕೊಡದಿದ್ದರೆ ಹೋಗಲೇಬೇಡ’ ಎನ್ನುತ್ತಾರೆ. ಅದೇ ನಗರದಲ್ಲಿರುವ ಗೆಳೆಯ (ಮದುವೆಯಾಗಿಲ್ಲ, ಇನ್ನಿಬ್ಬರ ಜೊತೆ ಮನೆ ಹಂಚಿಕೊಂಡಿದ್ದಾನೆ) ‘ನಾನು ಇದರ ಅರ್ಧದಲ್ಲಿ ಆರಾಮಾಗಿದ್ದೇನೆ, ಸುಮ್ನೆ ಬಾ’ ಎನ್ನುತ್ತಾನೆ. ಇಂಟರ್‌ನೆಟ್ಟಿನ ಕ್ಯಾಲ್ಕುಲೇಟರ್ ಒಂದೂಕಾಲು ಪಟ್ಟು ಸಾಕು ಎಂದು ತೋರಿಸುತ್ತದೆ. ಯಾರನ್ನು ನಂಬಲಿ? ಎಷ್ಟು ಸಂಬಳ ಇದ್ದರೆ ಆರಾಮಾಗಿ ಬದುಕಬಹುದು, ಒಂದು ನಂಬರ್ ಹೇಳಿ. ಮನೆಖರ್ಚಿನ ಪಟ್ಟಿ, ಆಫರ್ ವಿವರ ಎರಡನ್ನೂ ಕಳಿಸಿದ್ದೇನೆ. ಮೂರು ವಾರದಲ್ಲಿ ಉತ್ತರ ಕೊಡಬೇಕು. ಹೋಗಿ, ಸಾಲ ಮಾಡಿಕೊಂಡು ವಾಪಸ್ ಬಂದರೆ ಎಲ್ಲರ ಮುಖ ಹೇಗೆ ನೋಡಲಿ ಎಂಬುದೇ ದೊಡ್ಡ ಚಿಂತೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಇವೆ. ಎಷ್ಟು ಸಂಬಳ ಸಾಕು ಎಂಬುದು ಒಂದು. ಸೋತು ವಾಪಸ್ ಬಂದರೆ ಏನು ಗತಿ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಲೆಕ್ಕ ಹಾಕಿ ಉತ್ತರ ಹೇಳಬಹುದು. ಎರಡನೆಯ ಭಯ ಸಂಬಳ ಏರಿದ ಮಾತ್ರಕ್ಕೆ ಹೋಗುವುದಿಲ್ಲ, ಅದಕ್ಕೆ ಬೇರೆಯದೇ ತಯಾರಿ ಬೇಕು. ಅದನ್ನೂ ಹೇಳುತ್ತೇನೆ.

ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ನೀವು ಕಳಿಸಿದ ಪಟ್ಟಿ ನೋಡಿದರೆ, ನಿಮ್ಮೊಬ್ಬರ ಸಂಬಳದ ಮೇಲೆ ಮೂವರೂ ಹೋದರೆ ಈ ಆಫರ್ ಸಾಲುವುದಿಲ್ಲ. ನಿಮ್ಮ ಹೆಂಡತಿಗೂ ಅಲ್ಲಿ ಕೆಲಸ ಸಿಕ್ಕರೆ ಸಾಲುತ್ತದೆ, ಆದರೆ ಈಗ ಉಳಿಯುವಷ್ಟು ಉಳಿಯುವುದಿಲ್ಲ. ಹಾಗಂತ ಆಫರ್ ಬಿಡಿ ಎಂದು ನಾನು ಹೇಳುತ್ತಿಲ್ಲ. ಹೇಗೆ ಹೋಗುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ.

ಯಾರನ್ನು ನಂಬಲಿ ಎಂದು ಕೇಳಿದ್ದೀರಿ. ಮೂವರೂ ಸುಳ್ಳು ಹೇಳುತ್ತಿಲ್ಲ, ಆದರೆ ಮೂವರೂ ಬೇರೆ ಯಾರದೋ ಮನೆಯ ಲೆಕ್ಕ ಹೇಳುತ್ತಿದ್ದಾರೆ. ಗೆಳೆಯ ಬಾಡಿಗೆಯಲ್ಲಿ ಮೂರನೇ ಒಂದು ಭಾಗ ಮಾತ್ರ ಕಟ್ಟುತ್ತಾನೆ. ಸ್ಕೂಲ್ ಫೀಸ್ ಇಲ್ಲ, ಊರಿಗೆ ಎಷ್ಟು ಕಳಿಸುತ್ತಾನೋ ನಿಮಗೆ ಗೊತ್ತಿಲ್ಲ. ಕ್ಯಾಲ್ಕುಲೇಟರ್ ಎರಡು ಊರಿನ ಸರಾಸರಿ ಬೆಲೆ ಹೋಲಿಸುತ್ತದೆ. ನೀವು ಇಲ್ಲೂ ಬಾಡಿಗೆ ಕಟ್ಟುತ್ತಿದ್ದೀರಿ, ಅಲ್ಲೂ ಕಟ್ಟುತ್ತೀರಿ ಎಂದು ಅದು ಹಿಡಿಯುತ್ತದೆ. ನೀವು ಈಗ ಬಾಡಿಗೆಯನ್ನೇ ಕಟ್ಟುತ್ತಿಲ್ಲ, ಅಲ್ವಾ? ಸೊನ್ನೆಯಿಂದ ಶುರುವಾಗುವ ಖರ್ಚಿಗೆ ‘ಇಷ್ಟು ಪಟ್ಟು’ ಎಂಬ ಲೆಕ್ಕ ನಡೆಯುವುದೇ ಇಲ್ಲ. ಇನ್ನು ನೆಂಟರ ‘ಎರಡು ಪಟ್ಟು’. ಅದು ನಿಮ್ಮ ವಿಷಯದಲ್ಲಿ ಸತ್ಯಕ್ಕೆ ಹತ್ತಿರ ಬರುತ್ತದೆ, ಆದರೆ ಅವರು ಅಂದುಕೊಂಡಿರುವ ಕಾರಣಕ್ಕೆ ಅಲ್ಲ.

ನಗರದಲ್ಲಿ ಎಲ್ಲವೂ ಎರಡು ಪಟ್ಟು ದುಬಾರಿ ಎಂಬ ಮಾತು ತಪ್ಪು. ಕಾರ್ಖಾನೆಯಲ್ಲಿ ತಯಾರಾಗಿ ಬರುವ ವಸ್ತುಗಳ ಬೆಲೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಫೋನು, ಫ್ಯಾನು, ಸೋಪು, ಸಿದ್ಧ ಉಡುಪು ಇವೆಲ್ಲ ನಗರದಲ್ಲಿ ಕೆಲವೊಮ್ಮೆ ಅಗ್ಗವೂ ಹೌದು, ಏಕೆಂದರೆ ಅಲ್ಲಿ ಪೈಪೋಟಿ ಜಾಸ್ತಿ. ದುಬಾರಿಯಾಗುವುದು ಎರಡೇ: ಜಾಗ, ಮತ್ತು ಮನುಷ್ಯರ ಸಮಯ. ಕೆಲಸಗಳೆಲ್ಲ ಒಂದು ಕಡೆ ಗುಂಪುಗೂಡಿದಾಗ ಅದರ ಹತ್ತಿರ ಇರಬೇಕು ಎಂದು ಎಲ್ಲರೂ ಬಯಸುತ್ತಾರೆ, ಜಾಗ ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಬಾಡಿಗೆ ಏರುತ್ತದೆ, ದೂರ ಹೋದಂತೆ ಇಳಿಯುತ್ತದೆ. ಇನ್ನು ಸೇವೆಗಳು. ಕೂದಲು ಕತ್ತರಿಸುವವರಿಗೆ ಎಲ್ಲಿದ್ದರೂ ಅಷ್ಟೇ ಹೊತ್ತು ಬೇಕು. ಆದರೆ ನಗರದಲ್ಲಿ ಅವರೂ ಅದೇ ಬಾಡಿಗೆ ಕಟ್ಟಬೇಕು, ಅವರ ಅಂಗಡಿಯೂ ಅದೇ ಜಾಗದಲ್ಲಿದೆ, ಹೀಗಾಗಿ ಜಾಸ್ತಿ ಕೇಳುತ್ತಾರೆ. ಶಾಲೆ, ಡಾಕ್ಟರು, ಮನೆಗೆಲಸ, ರಿಪೇರಿ, ಮಗು ನೋಡಿಕೊಳ್ಳುವವರು ಎಲ್ಲರದೂ ಇದೇ ಕಥೆ. ಅಂದರೆ ನಿಮ್ಮ ಖರ್ಚಿನಲ್ಲಿ ವಸ್ತುಗಳ ಪಾಲು ಜಾಸ್ತಿ ಇದ್ದರೆ ನಗರ ಅಷ್ಟೊಂದು ಹೊಡೆಯುವುದಿಲ್ಲ. ಮನೆ, ಶಾಲೆ, ಆರೈಕೆಯ ಪಾಲು ಜಾಸ್ತಿ ಇದ್ದರೆ ಜೋರಾಗಿ ಹೊಡೆಯುತ್ತದೆ. ಚಿಕ್ಕ ಮಗು ಇರುವ ಮನೆಗಳೆಲ್ಲ ಎರಡನೇ ಗುಂಪಿಗೆ ಸೇರುತ್ತವೆ.

ಇನ್ನು ನಿಮ್ಮ ಲೆಕ್ಕ. ನಿಮ್ಮ ಈಗಿನ ಕೈಗೆ ಬರುವ ಸಂಬಳ 100 ಎಂದಿಟ್ಟುಕೊಳ್ಳೋಣ, ಆಗ ಓದುವ ಬೇರೆಯವರೂ ತಮ್ಮ ಅಂಕಿ ಹಾಕಿ ನೋಡಬಹುದು. ಹೆಂಡತಿಯದು 25. ಒಟ್ಟು 125. ಇದರಲ್ಲಿ ಊಟ ಮತ್ತು ಮನೆಸಾಮಾನಿಗೆ 32, ಶಾಲೆಗೆ 12, ಓಡಾಟಕ್ಕೆ 8, ಕರೆಂಟು ನೀರು ಫೋನಿಗೆ 7, ಅಪ್ಪ ಅಮ್ಮನ ಔಷಧಿಗೆ 8, ವಿಮೆಗೆ 5, ಮನೆ ರಿಪೇರಿ ತೆರಿಗೆಗೆ 3, ಬಟ್ಟೆ, ತಿರುಗಾಟ, ಇತರೆಗೆ 20. ಉಳಿಯುವುದು 30. ನಿಜ ಹೇಳಬೇಕೆಂದರೆ ನೀವು ಈಗ ತುಂಬಾ ಒಳ್ಳೆಯ ಸ್ಥಿತಿಯಲ್ಲಿದ್ದೀರಿ. ಆದಾಯದ ಹತ್ತಿರ ಹತ್ತಿರ ಕಾಲು ಭಾಗ ಉಳಿಸುವ ಮನೆಗಳು ನನ್ನ ಹತ್ತಿರ ಅಪರೂಪಕ್ಕೆ ಬರುತ್ತವೆ.

ಹೊಸ ಕೆಲಸದಲ್ಲಿ ಕೈಗೆ 150. ಪ್ಯಾಕೇಜ್ ಶೇ 70 ಏರಿದರೂ ಕೈಗೆ ಬರುವುದು ಶೇ 50 ಮಾತ್ರ ಏರುತ್ತಿದೆ. ಪ್ಯಾಕೇಜಿನ ಒಂದು ಭಾಗ ವರ್ಷಕ್ಕೊಮ್ಮೆ ಕೊಡುವ ವೇರಿಯಬಲ್, ಅದು ಬಂದರೆ ಬಂತು. ಆದಾಯ ಏರಿದಂತೆ ಮೇಲಿನ ಭಾಗಕ್ಕೆ ತೆರಿಗೆಯೂ ಜಾಸ್ತಿ. ಆಮೇಲೆ ಹೆಂಡತಿಯ 25 ನಿಂತುಹೋಗುತ್ತದೆ. ಮನೆಯ ಒಟ್ಟು ಆದಾಯ 125 ಇದ್ದದ್ದು 150 ಆಯಿತು. ಶೇ 70 ಎಂದು ಶುರುವಾದದ್ದು ಮನೆಗೆ ಬರುವ ಹೊತ್ತಿಗೆ ಶೇ 20! ನನ್ನ ಹತ್ತಿರ ಬರುವ ಹತ್ತಾರು ಜನ ಈ ಎರಡು ಅಂಕಿಯ ನಡುವಿನ ವ್ಯತ್ಯಾಸವನ್ನು ಹೊಸ ಮನೆಯ ಬಾಡಿಗೆ ಕಟ್ಟುವಾಗಲೇ ಮೊದಲ ಸಲ ನೋಡುತ್ತಾರೆ, ಅದೇ ನನಗೆ ಬೇಜಾರಿನ ಸಂಗತಿ.

ಖರ್ಚಿನ ಕಡೆ ನೋಡಿ. ಮೂವರಿಗೆ ಸಾಧಾರಣ ಮನೆ, ಬಾಡಿಗೆ ಮತ್ತು ನಿರ್ವಹಣೆ ಸೇರಿ 45 ಎಂದಿಟ್ಟುಕೊಂಡಿದ್ದೇನೆ, ಅಂದರೆ ಸಂಬಳದ ಶೇ 30. ಊಟ, ಮನೆಸಾಮಾನು 28. ಶಾಲೆ 20. ಓಡಾಟ 12. ಕರೆಂಟು ಫೋನು ಇಂಟರ್‌ನೆಟ್ 8. ವಿಮೆ 5. ಬಟ್ಟೆ, ತಿರುಗಾಟ, ಇತರೆ ಅದೇ 20. ಊರಿಗೆ ಹೋಗಿಬರುವುದಕ್ಕೆ 6. ಅಪ್ಪ ಅಮ್ಮನಿಗೆ ಔಷಧಿಯ 8ರ ಜೊತೆ ಮನೆಖರ್ಚಿಗೆ 10, ಒಟ್ಟು 18. ಎಲ್ಲ ಕೂಡಿದರೆ 162. ಬರುವುದು 150. ತಿಂಗಳಿಗೆ 12 ಕೊರತೆ, ಉಳಿತಾಯ ಸೊನ್ನೆ. ಈಗ ಉಳಿಸುತ್ತಿರುವ 30ನ್ನೂ ಉಳಿಸಬೇಕು ಎಂದರೆ ಕೈಗೆ 192 ಬರಬೇಕು. ನೀವು ಕೇಳಿದ ನಂಬರ್ ಇದು: ಒಬ್ಬರೇ ದುಡಿದು ಈಗಿನಂತೆಯೇ ಬದುಕಲು, ಕೈಗೆ ಬರುವ ಸಂಬಳ ಈಗಿನದರ ಹತ್ತಿರ ಹತ್ತಿರ ಎರಡು ಪಟ್ಟು. ಪ್ಯಾಕೇಜ್ ಲೆಕ್ಕದಲ್ಲಿ ಇನ್ನೂ ಜಾಸ್ತಿ.

ಊರಿಗೆ ಕಳಿಸುವ ಆ 10 ಎಲ್ಲಿಂದ ಬಂತು ಎಂದು ಕೇಳಬಹುದು. ನಮ್ಮ ಖರ್ಚು ಬೇರೆಯಾದರೆ ಅವರ ಖರ್ಚು ಕಡಿಮೆಯಾಗುತ್ತದೆ, ಸರಿಹೋಗುತ್ತದೆ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ಐದು ಜನ ಒಂದೇ ಸೂರಿನಡಿ ಇದ್ದಾಗ ಫ್ರಿಜ್ ಒಂದು, ದೀಪ ಒಂದು, ಒಲೆ ಒಂದು. ಮನೆ ಎರಡಾದರೆ ಎಲ್ಲವೂ ಎರಡು. ಇದನ್ನು ಅಳೆಯಲು ಓಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳ ಆರ್ಥಿಕ ಸಂಘಟನೆ) ಹೆಸರಿನ ಒಂದು ಸರಳ ಮಾಪನ ಇದೆ, ಯುರೋಪಿಯನ್ ಒಕ್ಕೂಟದ ಅಂಕಿಅಂಶ ಸಂಸ್ಥೆ ಇದನ್ನು ಬಳಸುತ್ತದೆ. ಮನೆಯ ಮೊದಲ ದೊಡ್ಡವರಿಗೆ 1, ನಂತರದ ಪ್ರತಿ ದೊಡ್ಡವರಿಗೆ 0.5, 14 ವರ್ಷದೊಳಗಿನ ಮಗುವಿಗೆ 0.3. ನಿಮ್ಮ ಈಗಿನ ಮನೆ ಇದರಲ್ಲಿ 2.8. ಬೇರೆಯಾದ ಮೇಲೆ ನೀವು ಮೂವರು 1.8, ಅಪ್ಪ ಅಮ್ಮ 1.5, ಒಟ್ಟು 3.3. ಅಂದರೆ ಬೆಲೆ ಒಂದು ಪೈಸೆಯೂ ಏರದೆ, ಅದೇ ಐದು ಜನ ಅದೇ ರೀತಿ ಬದುಕಲು ಸುಮಾರು ಶೇ 18 ಜಾಸ್ತಿ ಬೇಕು. ನಗರ ದುಬಾರಿಯಾಗುವ ಮೊದಲೇ ಮನೆ ಎರಡಾದದ್ದು ದುಬಾರಿ. ಇದನ್ನು ಯಾವ ಕ್ಯಾಲ್ಕುಲೇಟರೂ ಕೇಳುವುದಿಲ್ಲ. ಮಗಳನ್ನು ಈಗ ಶಾಲೆ ಬಿಟ್ಟ ಮೇಲೆ ಅಜ್ಜಿ ತಾತ ನೋಡಿಕೊಳ್ಳುತ್ತಿದ್ದಾರೆ ಅಂದುಕೊಳ್ಳುತ್ತೇನೆ. ಆ ಆರೈಕೆಗೆ ನಿಮ್ಮ ಪಟ್ಟಿಯಲ್ಲಿ ಒಂದು ಸಾಲೂ ಇಲ್ಲ, ಏಕೆಂದರೆ ಅದಕ್ಕೆ ನೀವು ಹಣ ಕೊಡುತ್ತಿಲ್ಲ. ಅಲ್ಲಿ ಕೊಡಬೇಕಾಗುತ್ತದೆ.

ಬಾಡಿಗೆ ಸಂಬಳದ ಶೇ 30 ದಾಟಬಾರದು ಎಂಬ ಮಾತು ನೀವೂ ಕೇಳಿರುತ್ತೀರಿ. ಇದು ಆರಾಮದ ಬದುಕಿಗೆ ಯಾರೋ ಅಳೆದು ಹೇಳಿದ ಮಿತಿಯಲ್ಲ. ಅಮೆರಿಕದಲ್ಲಿ 1969ರಲ್ಲಿ ಸರ್ಕಾರಿ ವಸತಿಯ ಬಾಡಿಗೆದಾರರಿಂದ ಆದಾಯದ ಶೇ 25ಕ್ಕಿಂತ ಜಾಸ್ತಿ ಪಡೆಯಬಾರದು ಎಂದು ಕಾನೂನು ಬಂತು, 1981ರಲ್ಲಿ ಅದನ್ನು ಶೇ 30ಕ್ಕೆ ಏರಿಸಿದರು. ಅಲ್ಲಿಂದ ಅದು ಎಲ್ಲರ ನಿಯಮವಾಗಿ ಹರಡಿತು. ಆದಾಯ ಜಾಸ್ತಿ ಇರುವವರು ಶೇ 40 ಕಟ್ಟಿದರೂ ಉಳಿದದ್ದರಲ್ಲಿ ಸುಖವಾಗಿರಬಹುದು. ಆದಾಯ ಕಡಿಮೆ ಇರುವವರಿಗೆ ಶೇ 25 ಕೂಡ ಕುತ್ತಿಗೆಗೆ ಬರಬಹುದು. ಆದಾಯದಲ್ಲಿ ಅಗತ್ಯಕ್ಕೆ ಶೇ 50, ಆಸೆಗೆ ಶೇ 30, ಉಳಿತಾಯಕ್ಕೆ ಶೇ 20 ಎಂಬ ಸೂತ್ರವೂ ಹಾಗೆಯೇ, ಒಂದು ಅಂದಾಜಿಗೆ ಸರಿ. ದೊಡ್ಡ ನಗರಕ್ಕೆ ಹೊಸದಾಗಿ ಬಂದ ಕುಟುಂಬದಲ್ಲಿ ಅಗತ್ಯವೇ ಶೇ 70 ದಾಟುವುದನ್ನು ನಾನು ದಿನಾ ನೋಡುತ್ತೇನೆ. ಹಾಗಾದಾಗ ‘ನಾವು ತಪ್ಪು ಮಾಡುತ್ತಿದ್ದೇವೆ’ ಎಂದು ಗಂಡ ಹೆಂಡತಿ ಜಗಳಕ್ಕೆ ಬೀಳುತ್ತಾರೆ. ತಪ್ಪು ಅವರದಲ್ಲ, ಸೂತ್ರ ಅವರ ಮನೆಗೆ ಹೊಂದುವುದಿಲ್ಲ ಅಷ್ಟೇ.

ಎಷ್ಟು ದುಡಿದರೆ ನೆಮ್ಮದಿ ಎಂಬ ಮಾಂತ್ರಿಕ ಅಂಕಿ ಹುಡುಕಿದವರೂ ಇದ್ದಾರೆ. 2010ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ ಅಮೆರಿಕದ ಮಾಹಿತಿ ನೋಡಿ, ವರ್ಷಕ್ಕೆ ಸುಮಾರು 75,000 ಡಾಲರ್ ದಾಟಿದ ಮೇಲೆ ದಿನನಿತ್ಯದ ಸಂತೋಷ ಏರುವುದಿಲ್ಲ ಎಂದರು. 2021ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಎಂಬ ಸಂಶೋಧಕರು ಏರುತ್ತಲೇ ಹೋಗುತ್ತದೆ ಎಂದು ತೋರಿಸಿದರು. 2023ರಲ್ಲಿ ಕಾನೆಮನ್ ಮತ್ತು ಕಿಲ್ಲಿಂಗ್ಸ್‌ವರ್ತ್ ಒಟ್ಟಿಗೆ ಕೂತು ಮತ್ತೆ ನೋಡಿದಾಗ, ಹೆಚ್ಚಿನವರಿಗೆ ಏರುತ್ತದೆ, ಮೊದಲೇ ತುಂಬಾ ನೊಂದಿರುವ ಸ್ವಲ್ಪ ಜನರಿಗೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ ಎಂದು ಗೊತ್ತಾಯಿತು. ಹಾಗಾಗಿ ಒಂದೇ ನಂಬರ್ ಎಲ್ಲರಿಗೂ ಹೊಂದುವುದಿಲ್ಲ.

ನಾನು ಆರಾಮ ಎಂದು ಕರೆಯುವುದು ಇಷ್ಟನ್ನು. ತಿಂಗಳ ಕೊನೆಯ ವಾರ ಕಾರ್ಡು ಉಜ್ಜದೆ ಕಳೆಯಬೇಕು. ಆಸ್ಪತ್ರೆ ಖರ್ಚು ಬಂದರೆ ಮೊದಲ ಫೋನು ಸಾಲಕ್ಕೆ ಹೋಗಬಾರದು. ಕೆಲಸ ಹೋದರೆ ಮೂರರಿಂದ ಆರು ತಿಂಗಳು ಬಾಡಿಗೆ, ಶಾಲೆ, ಊಟ ನಡೆಯಬೇಕು. ಮತ್ತು ದಿನಕ್ಕೆ ಸ್ವಲ್ಪ ಹೊತ್ತಾದರೂ ಮಗುವಿನ ಜೊತೆ ಎಚ್ಚರವಾಗಿ ಕೂರುವಷ್ಟು ಶಕ್ತಿ ಉಳಿದಿರಬೇಕು. ಕೊನೆಯದು ಹಣದ ವಿಷಯವಲ್ಲ ಎಂದು ಬದಿಗಿಡಬೇಡಿ, ಅದು ನೇರವಾಗಿ ಬಾಡಿಗೆಗೆ ಸಂಬಂಧಪಟ್ಟದ್ದು.

ಯಾಕೆ ಅಂದರೆ ಮನೆ ಮತ್ತು ಓಡಾಟ ಎರಡೂ ಒಂದೇ ತೀರ್ಮಾನ. ಬಾಡಿಗೆ ಉಳಿಸಲು ದೂರ ಹೋದರೆ ಉಳಿದದ್ದು ಪೆಟ್ರೋಲಿಗೆ, ಟಿಕೆಟ್ಟಿಗೆ, ಸಮಯಕ್ಕೆ ಹೋಗುತ್ತದೆ. ನನ್ನ ಹತ್ತಿರ ಬಂದಿದ್ದ ಒಂದು ಜೋಡಿ ಹೀಗೇ ಊರಾಚೆ ದೊಡ್ಡ ಮನೆ ಹಿಡಿದಿದ್ದರು. ಅಗ್ಗ, ಗಾಳಿ ಬೆಳಕು ಚೆನ್ನಾಗಿತ್ತು. ಖರ್ಚಿನ ಪುಸ್ತಕ ಬಿಡಿಸಿ ನೋಡಿದೆವು. ಮೊದಲ ತಿಂಗಳು ಬಸ್ ಪಾಸ್ ಮಾತ್ರ ಇತ್ತು. ಮೂರನೇ ತಿಂಗಳಿಗೆ ಬಸ್ ಸ್ಟಾಪಿನಿಂದ ಮನೆಗೆ ಆಟೋ ಸೇರಿತು. ಐದನೇ ತಿಂಗಳಿಗೆ ಸ್ಕೂಟರ್ ಕಂತು. ಅದರ ಪಕ್ಕದಲ್ಲೇ ವಾರಕ್ಕೆ ಮೂರ್ನಾಲ್ಕು ಸಲ ಹೊರಗಿಂದ ತರಿಸಿದ ಊಟ, ಏಕೆಂದರೆ ರಾತ್ರಿ ಒಂಬತ್ತಕ್ಕೆ ಮನೆ ಸೇರಿದವರಿಗೆ ಅಡುಗೆ ಮಾಡಲು ಆಗುತ್ತಿರಲಿಲ್ಲ. ಬಾಡಿಗೆಯಲ್ಲಿ ಉಳಿದದ್ದಕ್ಕಿಂತ ಇವೆಲ್ಲ ಸೇರಿ ಜಾಸ್ತಿಯಾಗಿತ್ತು. ಒಂದೊಂದು ಖರ್ಚೂ ಸರಿಯಾದ ಕಾರಣಕ್ಕೇ ಬಂದಿತ್ತು, ಯಾರೂ ದುಂದು ಮಾಡಿರಲಿಲ್ಲ.

ನಿಮ್ಮದೇ ಲೆಕ್ಕ ಮಾಡೋಣ. ಈಗ 8 ಗಂಟೆ ಕೆಲಸ, ಅರ್ಧ ಗಂಟೆ ಓಡಾಟ. ತಿಂಗಳಿಗೆ 22 ದಿನ ಎಂದರೆ 187 ಗಂಟೆ. ನಗರದಲ್ಲಿ ಓಡಾಟ ಎರಡೂವರೆ ಗಂಟೆಯಾದರೆ 231 ಗಂಟೆ. ಸಂಬಳವನ್ನು ಈ ಗಂಟೆಗಳಿಂದ ಭಾಗಿಸಿ ನೋಡಿ. ಶೇ 50 ಏರಿಕೆ ಶೇ 21ಕ್ಕೆ ಇಳಿಯುತ್ತದೆ. ಸ್ವಿಟ್ಜರ್ಲೆಂಡಿನ ಅರ್ಥಶಾಸ್ತ್ರಜ್ಞರಾದ ಅಲೋಯಿಸ್ ಸ್ಟುಟ್ಜರ್ ಮತ್ತು ಬ್ರೂನೋ ಫ್ರೈ ಜರ್ಮನಿಯ ಮಾಹಿತಿ ಇಟ್ಟುಕೊಂಡು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓಡಾಟ ಜಾಸ್ತಿ ಇರುವವರು ಬದುಕಿನ ಬಗ್ಗೆ ಕಡಿಮೆ ತೃಪ್ತಿ ಹೇಳಿಕೊಂಡಿದ್ದರು. ಒಳ್ಳೆಯ ಸಂಬಳ, ಒಳ್ಳೆಯ ಮನೆ ಆ ಕಳೆದ ಹೊತ್ತನ್ನು ಪೂರ್ತಿ ತುಂಬಿಕೊಟ್ಟಿರಲಿಲ್ಲ. ಹಾಗಾಗಿ ನನ್ನ ಸಲಹೆ ಯಾವಾಗಲೂ ಒಂದೇ: ಅದೇ 45ಕ್ಕೆ ದೂರದ ದೊಡ್ಡ ಮನೆ ಬೇಡ, ಹತ್ತಿರದ ಸಣ್ಣ ಮನೆ ನೋಡಿ. ಓಡಾಟದ 12 ಆಗ 5 ಆಗಬಹುದು.

ಇಷ್ಟೆಲ್ಲ ಕೇಳಿ ‘ಹಾಗಾದರೆ ಇಲ್ಲೇ ಇದ್ದುಬಿಡುತ್ತೇನೆ’ ಎನ್ನಬೇಡಿ. ಹೋಗದೆ ಇರುವುದಕ್ಕೂ ಬೆಲೆ ಇದೆ. ಅದು ತಿಂಗಳ ಲೆಕ್ಕದಲ್ಲಿ ಕಾಣುವುದಿಲ್ಲ. ಅರ್ಥಶಾಸ್ತ್ರಜ್ಞರಾದ ಹೋರ್ಹೆ ದೆ ಲಾ ರೋಕಾ ಮತ್ತು ದಿಯೆಗೋ ಪುಗಾ ಸ್ಪೇನಿನ ಕೆಲಸಗಾರರ ಬಗ್ಗೆ 2017ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ತುಂಬಾ ಮುಖ್ಯ ಅನಿಸುತ್ತದೆ. ದೊಡ್ಡ ನಗರಕ್ಕೆ ಬಂದ ತಕ್ಷಣ ಸಿಗುವ ಏರಿಕೆ ಒಂದು ಭಾಗ ಮಾತ್ರ. ಅಲ್ಲಿ ಕೆಲಸ ಮಾಡುತ್ತಾ ಹೋದಂತೆ ಸಂಬಳ ಬೇಗ ಬೆಳೆಯುತ್ತದೆ, ಅಲ್ಲಿಂದ ಬೇರೆ ಊರಿಗೆ ಹೋದ ಮೇಲೂ ಆ ಅನುಭವದ ಬೆಲೆ ಬಹುಪಾಲು ಜೊತೆಗೇ ಬರುತ್ತದೆ. ಹಾಗಾಗಿ ಮೊದಲ ವರ್ಷದ ಕೊರತೆ ನೋಡಿ ಇಡೀ ತೀರ್ಮಾನ ಮಾಡಬಾರದು. ನಿಮ್ಮ ಕ್ಷೇತ್ರದಲ್ಲಿ ಆ ನಗರದಲ್ಲಿ ಇನ್ನೂ ಹತ್ತು ಕಂಪನಿ ಇವೆಯಾ, ಅಥವಾ ಇದೊಂದೇನಾ? ಹತ್ತು ಇದ್ದರೆ ಮೂರು ವರ್ಷದಲ್ಲಿ ಸಂಬಳ ಏರುವ ದಾರಿ ಇದೆ, ಈ ಕೆಲಸ ಹೋದರೂ ಇನ್ನೊಂದು ಸಿಗುತ್ತದೆ. ಒಂದೇ ಇದ್ದರೆ ನೀವು ದೊಡ್ಡ ನಗರದ ಖರ್ಚು ಹೊತ್ತು ಸಣ್ಣ ಊರಿನ ಅವಕಾಶದಲ್ಲಿ ಇರುತ್ತೀರಿ. ನನ್ನ ಪ್ರಕಾರ ನೀವು ಮೊದಲು ತಿಳಿದುಕೊಳ್ಳಬೇಕಾದದ್ದು ಇದು.

ಇನ್ನು ದಾರಿಗಳು. ಮೂವರೂ ಈಗಲೇ ಹೋಗುವುದು ಒಂದು. ನೀವು ಮೂವರೂ ಒಟ್ಟಿಗಿರುತ್ತೀರಿ, ಮಗಳಿಗೂ ನೀವು ಇರುತ್ತೀರಿ. ಆದರೆ ಮನೆಯ ಅಡ್ವಾನ್ಸ್, ಶಾಲೆಯ ಪ್ರವೇಶ ಶುಲ್ಕ, ಸಾಗಾಟ, ಹೊಸದಾಗಿ ಕೊಳ್ಳಬೇಕಾದ ಸಾಮಾನು ಎಲ್ಲ ಸೇರಿ ನಿಮ್ಮ 400ರ ಉಳಿತಾಯದಲ್ಲಿ ಅರ್ಧ ಮೊದಲ ತಿಂಗಳೇ ಹೋಗಬಹುದು. ಉಳಿದ 200 ಊಟ, ಬಾಡಿಗೆ, ಶಾಲೆ, ಓಡಾಟ, ಕರೆಂಟು, ವಿಮೆ, ಅಪ್ಪ ಅಮ್ಮನ ಖರ್ಚು ಸೇರಿ ತಿಂಗಳಿಗೆ 136ರ ಬಿಡಲಾಗದ ಖರ್ಚಿಗೆ ಒಂದೂವರೆ ತಿಂಗಳೂ ಬರುವುದಿಲ್ಲ. ಪ್ರೊಬೇಷನ್ ಮುಗಿಯುವ ಮೊದಲೇ ಕೆಲಸಕ್ಕೆ ತೊಂದರೆಯಾದರೆ ಸಾಲವೇ ಗತಿ. ಈ ದಾರಿ ನಿಮಗೆ ಬೇಡ ಎನ್ನುತ್ತೇನೆ.

ಹೆಂಡತಿಗೂ ಕೆಲಸ ಸಿಕ್ಕ ಮೇಲೆ ಮೂವರೂ ಹೋಗುವುದು ಇನ್ನೊಂದು. ಅವರಿಗೆ ಅಲ್ಲಿ ಕನಿಷ್ಠ ಈಗಿನ 25 ಸಿಕ್ಕರೆ ಆದಾಯ 175. ಶಾಲೆ ಬಿಟ್ಟ ಮೇಲೆ ಮಗಳನ್ನು ನೋಡಿಕೊಳ್ಳಲು 7 ಬೇಕು ಎಂದಿಡಿ, ಹತ್ತಿರದ ಮನೆಯಿಂದ ಓಡಾಟದಲ್ಲಿ ಅಷ್ಟೇ ಉಳಿಯುತ್ತದೆ. ತಿಂಗಳಿಗೆ 13 ಉಳಿಯುತ್ತದೆ. ಈಗಿನ ಅರ್ಧಕ್ಕಿಂತ ಕಡಿಮೆ, ಆದರೆ ಮನೆ ನಡೆಯುತ್ತದೆ. ಇಲ್ಲಿನ ಅಪಾಯ ಏನೆಂದರೆ ಎರಡೂ ಸಂಬಳದ ಮೇಲೆ ನಿಂತ ಮನೆಯಲ್ಲಿ ಒಂದು ನಿಂತರೂ ತಕ್ಷಣ ಕೊರತೆ. ಅವರ ಕೆಲಸದ ಜಾಗವೂ ಮನೆಗೆ ಹತ್ತಿರ ಇರಬೇಕು, ಇಲ್ಲದಿದ್ದರೆ ಓಡಾಟದ ಲೆಕ್ಕ ಮತ್ತೆ ತಲೆಕೆಳಗಾಗುತ್ತದೆ. ಇನ್ನೊಂದು ಮಾತು. ನಿಮ್ಮ ಪತ್ರದಲ್ಲಿ ಹೆಂಡತಿ ಏನು ಬಯಸುತ್ತಾರೆ ಎಂದು ಒಂದು ಸಾಲೂ ಇಲ್ಲ. ಅವರ ಸಂಬಳ ನಿಮ್ಮ ಕಾಲು ಭಾಗ ಇರಬಹುದು, ಆದರೆ ನೀವು ಈಗ ಉಳಿಸುತ್ತಿರುವ 30ರಲ್ಲಿ 25 ಅವರದೇ ಎಂದು ನೋಡಿದರೆ ಚಿತ್ರ ಬೇರೆಯಾಗುತ್ತದೆ. ದಯವಿಟ್ಟು ಈ ಲೆಕ್ಕವನ್ನು ಇಬ್ಬರೂ ಒಟ್ಟಿಗೆ ಕೂತು ಮಾಡಿ.

ನನಗೆ ನಿಮ್ಮ ಮಟ್ಟಿಗೆ ಸರಿ ಅನಿಸುವುದು ಮೂರನೆಯದು. ಮೊದಲ ಆರು ತಿಂಗಳು ನೀವೊಬ್ಬರೇ ಹೋಗಿ. ಆಫೀಸಿನ ಹತ್ತಿರ ಹಂಚಿಕೊಂಡ ರೂಮಿಗೆ 18, ಊಟಕ್ಕೆ 14, ಓಡಾಟಕ್ಕೆ 6, ಫೋನು ಇತ್ಯಾದಿಗೆ 3, ಊರಿಗೆ ಬಂದು ಹೋಗಲು 8. ಒಟ್ಟು 49. ಊರಿನ ಮನೆಯ ಖರ್ಚು 95 ಇದ್ದದ್ದು ನೀವಿಲ್ಲದೆ 85ಕ್ಕೆ ಬರಬಹುದು. ಹೆಂಡತಿಯ ಸಂಬಳ ಮುಂದುವರಿಯುವುದರಿಂದ ಆದಾಯ 175. ತಿಂಗಳಿಗೆ 41 ಉಳಿಯುತ್ತದೆ, ಆರು ತಿಂಗಳಿಗೆ 246. ನಿಮ್ಮ 400 ಈಗ 646. ಸಾಗಾಟ, ಅಡ್ವಾನ್ಸ್ ಎಲ್ಲ ಕಳೆದ ಮೇಲೂ ಮೂರು ತಿಂಗಳ ಬಿಡಲಾಗದ ಖರ್ಚಿಗೆ ಆಗುವಷ್ಟು ಕೈಯಲ್ಲಿರುತ್ತದೆ. ಆ ಹೊತ್ತಿಗೆ ಪ್ರೊಬೇಷನ್ ಮುಗಿದಿರುತ್ತದೆ, ಯಾವ ಬಡಾವಣೆ ಎಷ್ಟು ದೂರ ಎಂಬುದು ಮಳೆಗಾಲದ ಟ್ರಾಫಿಕ್ ಸಮೇತ ನಿಮಗೆ ಗೊತ್ತಾಗಿರುತ್ತದೆ, ಹೆಂಡತಿ ಅರ್ಜಿ ಹಾಕಲು ಸಮಯ ಸಿಕ್ಕಿರುತ್ತದೆ, ಮಗಳ ಶಾಲೆಯ ವರ್ಷವೂ ಅರ್ಧಕ್ಕೆ ನಿಲ್ಲುವುದಿಲ್ಲ.

ಇದರಲ್ಲೂ ಅಪಾಯ ಇದೆ. ಒಂಟಿತನ ನಿಜ. ಹೆಂಡತಿಯ ಮೇಲೆ ಮನೆ, ಮಗು, ಹಿರಿಯರು, ಕೆಲಸ ಎಲ್ಲ ಬೀಳುತ್ತದೆ. ಆರು ತಿಂಗಳು ಎಂದು ಹೋದದ್ದು ಎರಡು ವರ್ಷಕ್ಕೆ ಎಳೆದ ಮನೆಗಳನ್ನು ನಾನು ಕಂಡಿದ್ದೇನೆ, ಹಣ ಉಳಿಯುತ್ತಿರುತ್ತದೆ, ಹಾಗಾಗಿ ಯಾರಿಗೂ ತೀರ್ಮಾನ ಮಾಡುವ ಆತುರ ಇರುವುದಿಲ್ಲ, ಮಗು ಅಷ್ಟರಲ್ಲಿ ಬೆಳೆದಿರುತ್ತದೆ. ಹೊರಡುವ ಮೊದಲೇ ತಾರೀಕು ಬರೆದಿಡಿ. ಆ ದಿನ ಒಂದೋ ಅವರು ಬರುತ್ತಾರೆ, ಇಲ್ಲವೇ ನೀವು ವಾಪಸ್ ಹೋಗುವ ಯೋಚನೆ ಶುರುಮಾಡುತ್ತೀರಿ.

ಕಂಪನಿಯ ಜೊತೆ ಮಾತಾಡುವುದೂ ಬಾಕಿ ಇದೆ. 150ನ್ನು 192 ಮಾಡಿ ಎಂದರೆ ಮಾಡುವುದಿಲ್ಲ. ಆದರೆ ವೇರಿಯಬಲ್‌ನ ಒಂದು ಭಾಗವನ್ನು ಪ್ರತಿ ತಿಂಗಳ ಸಂಬಳಕ್ಕೆ ಸೇರಿಸಿ ಎನ್ನಬಹುದು. ಸಾಗಾಟದ ಖರ್ಚು ಕೇಳಬಹುದು. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಸಿಕ್ಕರೆ ಓಡಾಟದ ಹಣವೂ ಗಂಟೆಯೂ ಉಳಿಯುತ್ತದೆ. ಇದು ಎಷ್ಟೋ ಸಲ ಕಂಪನಿಗೆ ಸುಲಭ, ನಿಮಗೆ ಲಾಭ. ಸೇರುವಾಗ ಬೋನಸ್ ಕೊಡುತ್ತೇವೆ ಎಂದರೆ ಖುಷಿಯಾಗುವ ಮೊದಲು ಷರತ್ತು ಓದಿ. ವರ್ಷದೊಳಗೆ ಬಿಟ್ಟರೆ ಪೂರ್ತಿ ವಾಪಸ್ ಕೊಡಬೇಕು ಎಂದು ಎಷ್ಟೋ ಸಲ ಇರುತ್ತದೆ. ನಿಮ್ಮಂತೆ ವಾಪಸ್ ಬರುವ ಬಾಗಿಲು ತೆರೆದಿಟ್ಟುಕೊಳ್ಳಬೇಕಾದವರಿಗೆ ಅದು ಕಾಲಿಗೆ ಕಟ್ಟಿದ ಕಲ್ಲು. ಹಾಗೆ ಬಂದ ಹಣವನ್ನು ವರ್ಷ ಮುಗಿಯುವವರೆಗೆ ಮುಟ್ಟದೆ ಬೇರೆ ಖಾತೆಯಲ್ಲಿಡಿ.

ಇನ್ನು ಮುಖ ಹೇಗೆ ನೋಡಲಿ ಎಂಬ ಚಿಂತೆ. ಇದನ್ನು ನಾನು ಸಣ್ಣದು ಎನ್ನುವುದಿಲ್ಲ, ಏಕೆಂದರೆ ಜನ ಸಾಲದಲ್ಲಿ ಮುಳುಗುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಮೂರನೇ ತಿಂಗಳಿಗೇ ಲೆಕ್ಕ ಹೊಂದುತ್ತಿಲ್ಲ ಎಂದು ಗೊತ್ತಾಗಿರುತ್ತದೆ, ಆದರೆ ವಾಪಸ್ ಹೋದರೆ ಏನೆನ್ನುತ್ತಾರೋ ಎಂದು ಕಾರ್ಡಿನಲ್ಲಿ ಎಳೆಯುತ್ತಾ ಒಂದು ವರ್ಷ ತಳ್ಳುತ್ತಾರೆ. ಮೂರನೇ ತಿಂಗಳಲ್ಲಿ ಬಂದಿದ್ದರೆ ಬರೀ ಸಾಗಾಟದ ಖರ್ಚು ಹೋಗುತ್ತಿತ್ತು. ಹಾಗಾಗಿ ಹೊರಡುವ ಮೊದಲೇ ಎರಡು ಗಡಿ ಹಾಕಿಕೊಳ್ಳಿ. ತುರ್ತು ಹಣ 300ಕ್ಕಿಂತ ಕೆಳಗೆ ಇಳಿದರೆ ಖರ್ಚಿನ ಪಟ್ಟಿ ಮತ್ತೆ ತೆರೆಯಬೇಕು. ಸತತ ಮೂರು ತಿಂಗಳು ಕೊರತೆ ಬಂದರೆ ಕುಟುಂಬವನ್ನು ಕರೆತರುವ ತಾರೀಕು ಮುಂದೆ ಹಾಕಬೇಕು, ಆಗಲೇ ಬಂದಿದ್ದರೆ ವಾಪಸ್ ಹೋಗುವ ಮಾತು ಮನೆಯಲ್ಲಿ ಎತ್ತಬೇಕು. ಈ ಗಡಿಗಳನ್ನು ಅಪ್ಪ ಅಮ್ಮನಿಗೂ ಈಗಲೇ ಹೇಳಿ. ‘ಆರು ತಿಂಗಳು ನೋಡುತ್ತೇನೆ, ಹೊಂದದಿದ್ದರೆ ಬರುತ್ತೇನೆ’ ಎಂದು ಹೇಳಿ ಹೋದವರು ವಾಪಸ್ ಬಂದಾಗ ಯಾರೂ ಸೋತರು ಎನ್ನುವುದಿಲ್ಲ. ನಿಮಗೆ ಊರಿನಲ್ಲಿ ಸ್ವಂತ ಮನೆ ಇದೆ, ಸಾಲ ಇಲ್ಲ. ಇಷ್ಟು ಗಟ್ಟಿ ನೆಲದಿಂದ ಹೊರಡುವವರು ಕಡಿಮೆ. ಆ ಮನೆಯನ್ನು ಅಡವಿಟ್ಟು ನಗರದಲ್ಲಿ ಏನನ್ನಾದರೂ ಕೊಳ್ಳುವ ಆಸೆ ಯಾರಾದರೂ ಹುಟ್ಟಿಸಿದರೆ ಮೊದಲ ಎರಡು ವರ್ಷ ಕಿವಿಗೊಡಬೇಡಿ.

ಮೂರು ವಾರ ಇದೆ ಎಂದಿದ್ದೀರಿ. ಮೊದಲ ವಾರ ಆ ನಗರದಲ್ಲಿ ನಿಮ್ಮ ಕೆಲಸಕ್ಕೆ ಬೇರೆ ಎಷ್ಟು ಕಂಪನಿ ಜನರನ್ನು ತೆಗೆದುಕೊಳ್ಳುತ್ತಿವೆ ನೋಡಿ, ಹೆಂಡತಿ ನಾಲ್ಕೈದು ಶಾಲೆಗೆ ಅರ್ಜಿ ಕಳಿಸಲಿ. ಎರಡನೇ ವಾರ ಎರಡು ದಿನ ರಜೆ ಹಾಕಿ ಅಲ್ಲಿಗೆ ಹೋಗಿ, ಭಾನುವಾರ ಬೇಡ, ಕೆಲಸದ ದಿನ ಬೆಳಿಗ್ಗೆ ಎಂಟಕ್ಕೆ ನೀವು ನೋಡಿರುವ ಬಡಾವಣೆಯಿಂದ ಆಫೀಸಿನವರೆಗೆ ಒಮ್ಮೆ ಹೋಗಿ, ಸಂಜೆ ಆರಕ್ಕೆ ವಾಪಸ್ ಬನ್ನಿ. ಅಲ್ಲೇ ಎರಡು ಮನೆ, ಎರಡು ಶಾಲೆಯಲ್ಲಿ ಬಾಯಿಬಿಟ್ಟು ದರ ಕೇಳಿ. ನಾನು ಹಾಕಿರುವ 45, 20, 12 ಇವುಗಳ ಜಾಗದಲ್ಲಿ ಆ ನಿಜವಾದ ಅಂಕಿ ಹಾಕಿ ಮತ್ತೆ ಕೂಡಿಸಿ. ಒಟ್ಟು 162ಕ್ಕಿಂತ ಕಡಿಮೆ ಬಂದರೆ ಕುಟುಂಬ ಬರುವ ತಾರೀಕನ್ನು ಹತ್ತಿರ ತನ್ನಿ. ಜಾಸ್ತಿ ಬಂದರೆ ಮೂರನೇ ವಾರ ಆ ಪಟ್ಟಿ ಹಿಡಿದೇ ಕಂಪನಿಯ ಜೊತೆ ಮಾತಿಗೆ ಕೂರಿ.